ಕಾವಿಗೆ ಕೂರಿಸುವ ಕೈ

ನಮ್ಮ ಮನೆಯಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸುವುದಕ್ಕೆ ಒಂದೇ ಒಂದು ಕೈ ಇತ್ತು. ಅದು ದೊಡ್ಡಮ್ಮನ ಕೈ. ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು ಅವಳು. ಅವಳು ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿದರೆ ಮರಿಯಾಗುತ್ತದೆ, ನನ್ನ ತಾಯಿ ಜೋಡಿಸಿದರೆ ಆದರೂ ಆಯಿತು ಆಗದಿದ್ದರೂ ಆಯಿತು, ಚಿಕ್ಕಮ್ಮ ಜೋಡಿಸಿದರೆ ಆಗುವುದೇ ಇಲ್ಲ. ಇದು ನನಗೆ ಬುದ್ಧಿ ಬರುವ ಮೊದಲೇ ಆಗಿಹೋಗಿದ್ದ ತೀರ್ಮಾನ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇರಲಿಲ್ಲ.

ಮನೆ ಇದ್ದದ್ದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ. ಅಳಿಯಕಟ್ಟಿನ ಮನೆ, ಮನೆ ಹೆಂಗಸರದ್ದು, ಯಜಮಾನಿಕೆ ಅವರ ಅಣ್ಣನದ್ದು. ಮೂವರು ಅಕ್ಕತಂಗಿಯರಲ್ಲಿ ದೊಡ್ಡಮ್ಮ ಹಿರಿಯವಳು, ನನ್ನ ತಾಯಿ ನಡುವಿನವಳು, ಚಿಕ್ಕಮ್ಮ ಕೊನೆಯವಳು. ಎಲ್ಲರ ಮೇಲೆ ಮಾವ. ಚಿಕ್ಕಮ್ಮನನ್ನು ಚಾರ್ಮಾಡಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಒಂಬತ್ತು ವರ್ಷ ಅಲ್ಲಿದ್ದಳು. ಮಕ್ಕಳಾಗಲಿಲ್ಲ. ಒಂದು ದಿನ ಒಂದು ಟ್ರಂಕು ಮತ್ತು ಬುಟ್ಟಿಯಲ್ಲಿ ನಾಲ್ಕು ಕೋಳಿಗಳೊಂದಿಗೆ ಬಸ್ಸಿಳಿದು ನಡೆದು ಬಂದಳು. ನಮ್ಮಂಥ ಮನೆಗಳಲ್ಲಿ ಹೆಣ್ಣು ಮರಳಿ ಬಂದರೆ ಯಾರೂ ಬಾಗಿಲು ಮುಚ್ಚುವುದಿಲ್ಲ. ಮನೆ ಅವಳದ್ದೂ ಹೌದು. ಊಟಕ್ಕೆ ಕುಳಿತಾಗ ಅವಳ ಎಲೆಯ ಮೇಲೆ ಯಾರ ಕಣ್ಣೂ ಇರಲಿಲ್ಲ. ಕಣ್ಣಿದ್ದದ್ದು ಅವಳ ಕೈಯ ಮೇಲೆ.

ಕೋಳಿಗಳ ಕೆಲಸವೆಲ್ಲ ಅವಳದೇ. ಬೆಳಿಗ್ಗೆ ಗೂಡು ತೆರೆಯುವುದು, ಹಿಕ್ಕೆ ಬಳಿದು ಬೂದಿ ಚೆಲ್ಲುವುದು, ಹೇನು ಬಾರದಂತೆ ನೆಕ್ಕಿ ಗಿಡದ ಸೊಪ್ಪು ಹಾಸುವುದು, ತೂಕಡಿಸುವ ಕೋಳಿಯನ್ನು ಬೇರೆ ಕಟ್ಟುವುದು. ಯಾವ ಹೇಂಟೆ ಇನ್ನೆರಡು ದಿನದಲ್ಲಿ ಕಾವಿಗೆ ಬರುತ್ತದೆಂದು ಅದರ ಗಂಟಲಿನ ದನಿ ಕೇಳಿಯೇ ಹೇಳುತ್ತಿದ್ದಳು. ಮೊಟ್ಟೆಗಳನ್ನು ಅಂಗೈ ಮೇಲೆ ಉರುಳಿಸಿ ನೋಡಿ ಆರಿಸುವವಳು ಅವಳು. ಬುಟ್ಟಿಗೆ ಉಮಿ ಸುರಿದು, ಮೇಲೆ ಬೈಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆಯನ್ನೂ ಒಂದು ತುಂಡು ಇದ್ದಿಲನ್ನೂ ಅಡಿಯಲ್ಲಿ ಇಡುವವಳೂ ಅವಳೇ. ಎಲ್ಲ ಸಿದ್ಧವಾದ ಮೇಲೆ ದೊಡ್ಡಮ್ಮನನ್ನು ಕರೆದು, ತಾನು ಅಂಗಳ ದಾಟಿ ಬಾವಿಕಟ್ಟೆಗೆ ಹೋಗಿ ನಿಲ್ಲಬೇಕು. ದೊಡ್ಡಮ್ಮ ಬಂದು ಬೆಸ ಸಂಖ್ಯೆಯಲ್ಲಿ ಮೊಟ್ಟೆಗಳನ್ನು ಜೋಡಿಸಿ, ಹೇಂಟೆಯನ್ನು ಕೂರಿಸಿ, "ಆಯ್ತು, ಬಾ" ಎಂದು ಕೂಗಬೇಕು. ಆಮೇಲೆ ಚಿಕ್ಕಮ್ಮ ಬಂದು ಉಳಿದ ಇಪ್ಪತ್ತೊಂದು ದಿನದ ಚಾಕರಿ ಮಾಡಬೇಕು.

ಆರಿಸುವಾಗ ಮುಟ್ಟಿದರೆ ದೋಷವಿಲ್ಲ, ಜೋಡಿಸುವಾಗ ಮುಟ್ಟಿದರೆ ದೋಷ. ಇದು ಹೇಗೆಂದು ನಾನು ದೊಡ್ಡಮ್ಮನನ್ನು ಒಮ್ಮೆ ಕೇಳಿದ್ದೆ.

"ಅಕ್ಕಿ ಆರಿಸಿದವರೆಲ್ಲ ಅಡಿಗೆ ಮಾಡಿದ ಹಾಗಾ?" ಎಂದಳು ಅವಳು. (ನಮ್ಮ ಮನೆಮಾತು ತುಳು. ಆ ಮಾತುಗಳನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಹೀಗೆ ಕೇಳುವ ಚಟ ನನಗೆ ಬಂದದ್ದು ಮಂಗಳೂರಿನ ಬೋರ್ಡಿಂಗಿನಲ್ಲಿ. ಸಿಸ್ಟರುಗಳ ಕೈಕೆಳಗೆ ಆರು ವರ್ಷ ಓದಿ, ಅಲ್ಲೇ ಟೀಚರ್ ತರಬೇತಿಯನ್ನೂ ಮುಗಿಸಿದವಳು ನಾನು. ಐದೂಕಾಲಕ್ಕೆ ಗಂಟೆ, ಐದೂವರೆಗೆ ಸ್ನಾನ, ಹಾಸಿಗೆಯ ಮಡಿಕೆ ಒಂದು ಬೆರಳಷ್ಟೂ ಅತ್ತಿತ್ತ ಆಗಬಾರದು. ಬಹಳ ಮಂದಿ ಇಂಥ ಬಾಲ್ಯದ ಬಗ್ಗೆ ಅಳುತ್ತಾರೆ. ನಾನು ಅಳುವವಳಲ್ಲ. ಈಗಲೂ ಗಂಟೆಯಿಲ್ಲದೆ ಐದೂಕಾಲಕ್ಕೆ ಏಳುತ್ತೇನೆ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅಲ್ಲಿ ಕಲಿತದ್ದು ಒಂದು ಮುಖ್ಯ ವಿಷಯ: ಕೆಲಸ ಯಾರಿಗೆ ಗೊತ್ತೋ ಅವರು ಮಾಡಬೇಕು, ಮಾಡಿದವರ ಹೆಸರಿನಲ್ಲಿ ಅದು ಇರಬೇಕು. ಮದ್ರಾಸಿನ ಆಡಳಿತ ಹೋಗಿ ನಾವು ಮೈಸೂರು ರಾಜ್ಯದವರಾದ ಒಂದೆರಡು ವರ್ಷಕ್ಕೆ ನನಗೆ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಕೆಲಸವಾಯಿತು. ಊರಿಗೆ ಬಂದೆ. ಬಂದ ಮೊದಲ ವಾರವೇ ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಸುಮ್ಮನೆ ನಿಂತದ್ದನ್ನು ಕಂಡೆ. ಕೊಡಪಾನವಿಲ್ಲ, ಹಗ್ಗವಿಲ್ಲ. ಕೈ ಬರಿದು.

"ಇಲ್ಲಿ ಎಂತ ಮಾಡ್ತಿದ್ದೀರಿ ಚಿಕ್ಕಮ್ಮ?"

"ಅಲ್ಲಿ ಮೊಟ್ಟೆ ಜೋಡಿಸ್ತಿದ್ದಾಳೆ ಅಕ್ಕ. ನಾನು ನೀರಿಗೆ ಕಾವಲು."

"ನಿಮಗೆ ಎಂತ ಬೇಕು? ಸರಿಯಾಗಿ ಹೇಳಿ."

ಹುಡುಗಾಟಕ್ಕೆ ಕೇಳುತ್ತಿದ್ದೇನೋ ಎಂದು ಅವಳು ನನ್ನನ್ನು ಕಣ್ಣಲ್ಲೇ ಅಳೆದಳು.

"ಒಂದು ಸರ್ತಿ ನನ್ನ ಕೈಯಿಂದ ಕೂರಿಸ್ಬೇಕು. ಎಲ್ಲರ ಎದುರು. ಆ ಮೇಲೆ ನನ್ನನ್ನು ಯಾರೂ ಬಾವಿಕಟ್ಟೆಗೆ ಕಳಿಸ್ಬಾರದು. ಅಷ್ಟೇ."

ಅಷ್ಟೇ ಎಂದರೆ ಅಷ್ಟೇ. ಅವಳು ಮಗು ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. ನಾನು ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ. ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ನನ್ನ ಮಾತಿಗೆ ತೂಕವಿದೆಯೆಂದು ನಾನೊಬ್ಬಳೇ ನಂಬಿದ್ದೆ.

ಆ ಬೇಸಿಗೆಯಲ್ಲಿ ಮೂಡುಬಿದಿರೆಯ ಸಂಬಂಧಿಕರ ಮನೆಯಲ್ಲಿ ಮದುವೆ. ದೊಡ್ಡಮ್ಮ ಮೂರು ದಿನ ಮೊದಲೇ ಹೋದಳು. ಹೋದ ಮರುದಿನ ಬೂದು ಬಣ್ಣದ ಹೇಂಟೆ ಕಾವಿಗೆ ಬಂತು. ನಾನು ಚಿಕ್ಕಮ್ಮನನ್ನು ಕರೆದು, "ಇವತ್ತು ನೀವೇ" ಎಂದೆ. ಕದ್ದು ಮಾಡುವ ಉದ್ದೇಶ ನನಗಿರಲಿಲ್ಲ. ದೊಡ್ಡಮ್ಮ ಬಂದ ಕೂಡಲೇ ಮುಖಕ್ಕೆ ಮುಖ ಹೇಳುವುದೆಂದು ತೀರ್ಮಾನಿಸಿದ್ದೆ, ಹೇಳಿದೆ ಕೂಡ. ನನ್ನ ತಪ್ಪು ಬೇರೆ ಕಡೆ ಆಯಿತು.

ಚಿಕ್ಕಮ್ಮ ಆರಿಸಿ ತಂದ ಹನ್ನೊಂದು ಮೊಟ್ಟೆಗಳನ್ನು ನೋಡಿದೆ. ಕೆಲವಕ್ಕೆ ಹಿಕ್ಕೆ ಮೆತ್ತಿತ್ತು, ಒಂದಕ್ಕೆ ಕೆಸರು. ಹೀಗೆ ಕೊಳಕಾಗಿ ಇಡುವುದೇ ಊರಿನವರ ಮೊಟ್ಟೆಗಳು ಹಾಳಾಗುವುದಕ್ಕೆ ಕಾರಣವೆಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಹಂಡೆಯಿಂದ ಬಿಸಿನೀರು ತಂದು, ಬಾರ್ ಸೋಪು ಕರಗಿಸಿ, ಹನ್ನೊಂದನ್ನೂ ಉಜ್ಜಿ ತೊಳೆದೆ.

"ಬೇಡ ಮಗಾ," ಎಂದಳು ಚಿಕ್ಕಮ್ಮ. "ಕೋಳಿ ಕೊಟ್ಟ ಹಾಗೇ ಇರ್ಲಿ."

"ಹಿಕ್ಕೆ ಉಂಟು ಚಿಕ್ಕಮ್ಮ."

"ಇರ್ಲಿ. ಈಗ ಅದು ಹೊರಗೆ ಉಂಟು. ನೀನು ತೊಳೆದ್ರೆ ಒಳಗೆ ಹೋಗ್ತದೆ."

"ಚಿಪ್ಪು ದಾಟಿ ಒಳಗೆ ಹೋಗುದು ಹೇಗೆ?"

ಇಷ್ಟು ವರ್ಷಕ್ಕೆ ಮೊದಲ ಸಲ ತನ್ನನ್ನು ಬುಟ್ಟಿಯ ಹತ್ತಿರ ಕೂರಿಸಿದವಳ ಜೊತೆ ವಾದ ಮಾಡಲು ಅವಳಿಗೆ ಮನಸ್ಸಾಗಿರಲಿಕ್ಕಿಲ್ಲ. ತೊಳೆದು ಒರೆಸಿದ ಮೊಟ್ಟೆಗಳನ್ನು ಒಂದೊಂದಾಗಿ ಜೋಡಿಸಿದಳು. ಕೊನೆಯದನ್ನು ಇಟ್ಟ ಮೇಲೂ ಅಂಗೈಯನ್ನು ಅದರ ಮೇಲಿಂದ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕುಳಿತಳು. ನಾನು ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದೆ. ಬೆಳಿಗ್ಗೆ ಆರೂವರೆಗೆ ಹೇಂಟೆಯನ್ನು ಎಬ್ಬಿಸುವುದು, ಹದಿನೈದು ನಿಮಿಷ. ಸಂಜೆ ಐದಕ್ಕೆ ಮತ್ತೆ ಹದಿನೈದು ನಿಮಿಷ.

ಹದಿನೇಳನೆಯ ದಿನ ವಾಸನೆ ಶುರುವಾಯಿತು. ಹತ್ತೊಂಬತ್ತನೆಯ ದಿನ ಹೇಂಟೆಯ ಅಡಿಯಲ್ಲಿ ಒಂದು ಮೊಟ್ಟೆ ಒಡೆದು, ಅದರ ಕೊಳೆ ಉಳಿದವಕ್ಕೆಲ್ಲ ಮೆತ್ತಿತು. ಇಪ್ಪತ್ತೊಂದಕ್ಕೆ ಬಂದದ್ದು ಒಂದೇ ಮರಿ. ಸಂಜೆಗೆ ಅದೂ ಕಾಲು ಚಾಚಿತು.

ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬುಟ್ಟಿಯನ್ನು ನೋಡಿದಳು. "ಒಂದು ಬಂತಲ್ಲ ಅಂತ ಎಣಿಸಿದೆ. ಅದೂ ಅವಳ ಮುಖ ನೋಡಿ ಹೋಯ್ತು."

ನಾನು ನೇರವಾಗಿ ಜಗಲಿಗೆ ಹೋಗಿ, ವೀಳ್ಯ ಮೆಲ್ಲುತ್ತ ಕುಳಿತಿದ್ದ ಮಾವನ ಎದುರು ನಿಂತೆ. "ಮಾವ, ತಪ್ಪು ನನ್ನದು. ನಾನು ಮೊಟ್ಟೆಗಳನ್ನು ಸಾಬೂನು ಹಾಕಿ ತೊಳೆದೆ. ಚಿಕ್ಕಮ್ಮ ಬೇಡ ಹೇಳಿದ್ದರು."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಬೂನು ತಾಗಿ ಹಾಳಾಗುದಾದ್ರೆ ನಿಮ್ಮ ಬೋರ್ಡಿಂಗಿನ ಹುಡುಗಿಯರು ಒಬ್ಬರೂ ಉಳಿತಿರ್ಲಿಲ್ಲ ಮಾರಾಯ್ತಿ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಮಾವ ತೀರ್ಪು ಹೇಳಿದರು: ಇನ್ನು ಮೇಲೆ ಚಿಕ್ಕಮ್ಮ ಮನೆಯ ಕೋಳಿಗೂಡನ್ನೇ ಮುಟ್ಟುವುದು ಬೇಡ. ಗೂಡಿನ ಕೆಲಸ ದೊಡ್ಡಮ್ಮನ ಹೆಣ್ಣುಮಕ್ಕಳಿಗೆ. ಮೊದಲು ಮೊಟ್ಟೆ ಜೋಡಿಸುವ ಒಂದು ಗಳಿಗೆಯ ಕೆಲಸ ಮಾತ್ರ ಅವಳಿಗೆ ಇರಲಿಲ್ಲ. ನನ್ನ ಉಪಕಾರದಿಂದ ಈಗ ಯಾವ ಕೆಲಸವೂ ಇಲ್ಲವಾಯಿತು.

ತಪ್ಪು ನನ್ನದು, ಶಿಕ್ಷೆ ಅವಳಿಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು ಎಂದು ಯಾರೂ ತಿಳಿಯಬೇಡಿ. ಆ ದಿನವೇ ಒಪ್ಪಿಕೊಂಡಿದ್ದೆ. ನನ್ನ ತಪ್ಪು ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ. ಅವರಿಗೆ ಅವಳ ತಪ್ಪು ಬೇಕಿತ್ತು.

ಆ ಮಳೆಗಾಲವಿಡೀ ಗೂಡು ಹಾಳುಬಿತ್ತು. ಹುಡುಗಿಯರು ಅಗುಳಿ ಹಾಕಲು ಮರೆತದ್ದರಿಂದ ಒಂದೇ ವಾರದಲ್ಲಿ ಮೂರು ಕೋಳಿಗಳನ್ನು ಮುಂಗುಸಿ ಹೊತ್ತುಕೊಂಡು ಹೋಯಿತು. ಚಿಕ್ಕಮ್ಮ ಅಡಿಗೆಮನೆಯ ಹಿಂದೆ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದಳು. ನಾನು ಏನಾದರೂ ಹೇಳಲು ಹೋದರೆ ಕೈ ಅಡ್ಡ ಮಾಡುತ್ತಿದ್ದಳು.

"ನೀನು ಇನ್ನು ನನ್ನ ಪರವಾಗಿ ಮಾತಾಡುದು ಬೇಡ. ನೀನು ಮಾತಾಡಿದ್ರೆ ಪೆಟ್ಟು ನನಗೆ ಬೀಳ್ತದೆ."

"ಹಾಗಾದ್ರೆ ಬಿಟ್ಟುಬಿಡುದಾ?"

"ಬಿಡುದು ಅಂತ ಯಾರು ಹೇಳಿದ್ದು? ಮಾತಾಡುದು ಬೇಡ ಹೇಳಿದ್ದು."

ಮಳೆ ಬಿಟ್ಟು ದೀಪಾವಳಿಯೂ ಕಳೆದ ಮೇಲೆ, ಅವಳು ಚಾರ್ಮಾಡಿಯಿಂದ ತಂದಿದ್ದ ಕೋಳಿಗಳ ಸಂತತಿಯ ಒಂದು ಕಪ್ಪು ಹೇಂಟೆ ಕಾವಿಗೆ ಬಂತು. ಅವಳು ಜಗಲಿಯ ಕೆಳಗೆ ಬಂದು ನಿಂತಳು. ಮಾವ ಮೇಲೆ ಕುಳಿತಿದ್ದರು.

"ಅಣ್ಣ, ಮನೆಯ ಗೂಡು ನಾನು ಮುಟ್ಟುದಿಲ್ಲ. ನನ್ನ ಕೋಳಿ ನನ್ನದು, ಅಲ್ವಾ?"

"ನಿನ್ನದೇ. ಯಾರು ಇಲ್ಲಾಂತ ಹೇಳಿದ್ದು?"

"ಸರಿ," ಎಂದು ಅವಳು ಹೊರಟೇ ಹೋದಳು. ಮಾವ ಇನ್ನೇನೋ ಮಾತು ಬರುತ್ತದೆಂದು ಸ್ವಲ್ಪ ಹೊತ್ತು ಕಾದರು.

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಬುಟ್ಟಿ ಇಟ್ಟಳು. ತನ್ನ ಕೋಳಿಗಳದ್ದೇ ಹದಿಮೂರು ಮೊಟ್ಟೆ. ಯಾರೂ ಕಾಣದ ಹೊತ್ತನ್ನು ಹುಡುಕಲಿಲ್ಲ. ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಅಂಗಳದಲ್ಲಿ ಕೈತೊಳೆಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲನ್ನು ಅಗಲಕ್ಕೆ ತೆರೆದು ಕುಳಿತಳು. ದೊಡ್ಡಮ್ಮ ಜಗಲಿಯಿಂದ ಕತ್ತು ಚಾಚಿದಳು.

"ನಾಡಿದ್ದು ಅಮಾವಾಸ್ಯೆ."

"ಇರ್ಲಿ ಅಕ್ಕ. ಹೇಂಟೆಗೆ ಪಂಚಾಂಗ ಓದ್ಲಿಕ್ಕೆ ಬರುದಿಲ್ಲ."

"ಆದದ್ದು ಒಂದು ಸರ್ತಿ ಸಾಲದಾ ನಿನಗೆ?"

"ಆವತ್ತು ಮೊಟ್ಟೆಗೆ ಮೀಯಿಸಿದ್ದು ಬೋರ್ಡಿಂಗಿನವರು. ಇವತ್ತು ಹಾಗೇ ಉಂಟು, ಹಿಕ್ಕೆ ಸಮೇತ. ಬಂದು ನೋಡು ಬೇಕಾದ್ರೆ."

ಈ ಸಲ ನನಗೆ ಕೆಲಸವೇನೂ ಕೊಡಲಿಲ್ಲ. ವೇಳಾಪಟ್ಟಿ ಬರೆಯಲೇ ಎಂದು ಕೇಳಿದ್ದಕ್ಕೆ, "ಅದಕ್ಕೆ ಹಸಿವಾದಾಗ ಅದು ಏಳ್ತದೆ. ನಿನ್ನ ಗಂಟೆಗೆ ಅಲ್ಲ" ಎಂದಳು. ಹಾಗೇ ಆಯಿತು. ಕಪ್ಪು ಹೇಂಟೆ ದಿನಕ್ಕೊಮ್ಮೆ, ತನಗೆ ತೋಚಿದಾಗ, ರೆಕ್ಕೆ ಕೊಡವಿಕೊಂಡು ಎದ್ದು, ಭತ್ತ ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಾಡಿ, ಯಾರನ್ನೂ ಕೇಳದೆ ಮರಳಿ ಕೂರುತ್ತಿತ್ತು. ನಾನು ಗಡಿಯಾರ ಹಿಡಿದು ನೋಡಿದೆ. ಒಂದು ದಿನ ಹನ್ನೆರಡು ನಿಮಿಷ, ಇನ್ನೊಂದು ದಿನ ಇಪ್ಪತ್ತು. ಶಿಸ್ತು ಅದಕ್ಕೂ ಇತ್ತು, ನನ್ನದಕ್ಕಿಂತ ಬೇರೆ ತರಹದ್ದು. ಅಷ್ಟನ್ನು ಒಪ್ಪಿದೆ.

ಎಂಟನೆಯ ದಿನ ಮಾಡಿನ ಗಾಜಿನ ಹಂಚಿನಿಂದ ಕೋಲಿನಂತೆ ಇಳಿಯುವ ಬಿಸಿಲಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದಳು. ಒಳಗೆ ಕೆಂಪು ನರಗಳು ಹಬ್ಬಿದ್ದವು. ಒಂದರಲ್ಲಿ ಏನೂ ಇರಲಿಲ್ಲ, ಅದನ್ನು ತೆಗೆದಳು. ಹತ್ತೊಂಬತ್ತನೆಯ ದಿನ ಅಗಲವಾದ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತಂದು ಮೊಟ್ಟೆಗಳನ್ನು ಅದರಲ್ಲಿ ಬಿಟ್ಟಳು.

"ತೊಳೆಯಬಾರದು ಹೇಳಿದ್ರಲ್ಲ?"

"ತೊಳೆಯುದಲ್ಲ, ಕೇಳುದು. ನೋಡು."

ತೇಲುತ್ತಿದ್ದ ಮೊಟ್ಟೆಗಳು ತಮ್ಮಷ್ಟಕ್ಕೆ ಅಲುಗಿದವು. ಒಳಗಿನಿಂದ ಯಾರೋ ಮೊಣಕೈ ತಾಗಿಸಿದ ಹಾಗೆ ಒಂದು ಸಣ್ಣ ತಿವಿತ, ನೀರಿನಲ್ಲಿ ಒಂದು ಸಣ್ಣ ಉಂಗುರ. ಒಂದು ಮಾತ್ರ ಅಲುಗಲಿಲ್ಲ. ಎರಡು ನಿಮಿಷದೊಳಗೆ ಎಲ್ಲವನ್ನೂ ಒರೆಸದೆ ಹೇಂಟೆಯ ಅಡಿಗೆ ಸೇರಿಸಿದಳು.

ಹದಿಮೂರರಲ್ಲಿ ಹನ್ನೊಂದು ಮರಿಯಾದವು. ಮೊದಲ ಎರಡು ದಿನ ಬುಟ್ಟಿಯಿಂದ ಇಳಿಸಲಿಲ್ಲ. ಆಮೇಲೆ ನುಚ್ಚಕ್ಕಿ, ಗುಡ್ಡೆಯ ಹುತ್ತದಿಂದ ಕೊಚ್ಚಿ ತಂದ ಗೆದ್ದಲು. ಗೆದ್ದಲು ತರುವ ಕೆಲಸ ನನಗೆ ಸಿಕ್ಕಿತು. ಶಾಲೆಗೆ ಹೋಗುವ ಮೊದಲು ತರುತ್ತಿದ್ದೆ. ಹದ್ದು ಸುತ್ತುವ ಹೊತ್ತಿಗೆ ತಾಯಿಯನ್ನೂ ಮರಿಗಳನ್ನೂ ದೊಡ್ಡ ಬುಟ್ಟಿಯಡಿ ಮುಚ್ಚಿ ಮೇಲೆ ಕಲ್ಲು ಹೇರುತ್ತಿದ್ದಳು. ಕಪ್ಪು ಹೇಂಟೆ ಹಸುವಿನ ಮುಖಕ್ಕೂ ಹಾರುವಷ್ಟು ಜೋರು. ಹನ್ನೊಂದರಲ್ಲಿ ಒಂಬತ್ತು ನಿಂತವು.

ಇಷ್ಟಾದ ಮೇಲೆ ಮನೆಯವರು ಬಾಯಿ ಮುಚ್ಚಿರಬೇಕೆಂದು ನೀವು ಎಣಿಸಬಹುದು. ದೊಡ್ಡಮ್ಮ ಹೇಳಿದ್ದು ಇಷ್ಟು: "ಹೇಂಟೆ ಒಳ್ಳೆಯದು. ಅದರ ಗುಣ." ಮನೆಯ ಗೂಡಿನಲ್ಲಿ ಮುಂದಿನ ಹೇಂಟೆ ಕಾವಿಗೆ ಬಂದಾಗ, ಎಂದಿನಂತೆ ಚಿಕ್ಕಮ್ಮನನ್ನು ಬಾವಿಕಟ್ಟೆಗೆ ಹೋಗಲು ಹೇಳಿದರು. ಅವಳು ಹೋದಳು. ನಾನು ಸಿಟ್ಟಿನಲ್ಲಿ ಹಲ್ಲು ಕಚ್ಚಿದೆ. ಪುರಾವೆ ತೋರಿಸಿದರೆ ಜನ ನಂಬುತ್ತಾರೆ ಎಂದು ಬೋರ್ಡಿಂಗಿನಲ್ಲಿ ಕಲಿಸಿದ್ದು ಸುಳ್ಳು ಎಂದು ಗೊತ್ತಾದದ್ದು ಆವತ್ತು.

ಆ ಒಂಬತ್ತರಲ್ಲಿ ಒಂದು ಹುಂಜ ವರ್ಷ ತುಂಬುವ ಮೊದಲೇ ಊರಿನವರು ನಿಂತು ನೋಡುವ ಹಾಗೆ ಬೆಳೆಯಿತು. ಕೆಂಪು ಮೈ, ಬಾಲದಲ್ಲಿ ಕಪ್ಪು ಗರಿಗಳು, ಬೆರಳು ಸುತ್ತಿದರೆ ತುಂಬುವಂಥ ಕಾಲು. ನನ್ನ ಮಾವನಿಗೆ ಹುಂಜ ಕಾದಿಸುವ ಕೋಳಿ ಅಂಕವೆಂದರೆ ಊಟ ಬೇಡ. ಬಂಟ್ವಾಳ, ಬೆಳ್ತಂಗಡಿ, ಎಲ್ಲಿ ಅಂಕವಾದರೂ ಕಂಕುಳಲ್ಲಿ ಹುಂಜ ಸಿಕ್ಕಿಸಿಕೊಂಡು ಹೊರಡುವವರು. ಅವರು ಈ ಹುಂಜವನ್ನು ದಿನಾ ಜಗಲಿಯಿಂದ ನೋಡುತ್ತಿದ್ದರು. ದೀಪಾವಳಿಯ ಅಂಕಕ್ಕೆ ನಾಲ್ಕು ದಿನವಿರುವಾಗ ಅಂಗಳಕ್ಕಿಳಿದು, ಹುಂಜವನ್ನು ಹಿಡಿದು, ಕಾಲಿಗೆ ಹಗ್ಗ ಹಾಕಿ ಜಗಲಿಯ ಕಂಬಕ್ಕೆ ಕಟ್ಟಿದರು.

ಚಿಕ್ಕಮ್ಮ ಅಡಿಗೆಮನೆಯಿಂದ ಬಂದಳು. "ಅಣ್ಣ, ಅದು ನನ್ನ ಹುಂಜ."

"ಗೊತ್ತುಂಟು. ಗೆದ್ದು ತರ್ತೇನೆ."

"ನನ್ನ ಕೈಯಿಂದ ಕೂರಿಸಿದ ಮೊಟ್ಟೆಯದ್ದು. ಆಗ್ತದಾ ನಿಮಗೆ?"

"ಹುಂಜ ಕಾದುದು ಕಾಲಿನಿಂದ. ಅದಕ್ಕೆ ನಿನ್ನ ಕೈ ಎಂತಕ್ಕೆ?"

"ಹಾಗಾದ್ರೆ ಕೈ ಒಳ್ಳೆದು ಅಂತ ಹೇಳಿ. ತಕೊಂಡು ಹೋಗಿ."

ಮಾವ ನಕ್ಕರು. "ಅದೆಲ್ಲ ಹೆಂಗಸರ ವಿಷಯ. ಅಕ್ಕನ ಹತ್ತಿರ ಕೇಳು."

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಭತ್ತ ಬಡಿಯಲು ಬಂದಿದ್ದ ಏಳೆಂಟು ಮಂದಿ ಅಂಗಳದಲ್ಲಿದ್ದರು. ನಾನು ಶಾಲೆಯಿಂದ ಆಗಷ್ಟೇ ಬಂದು ಕೊಡೆ ಮಡಿಸುತ್ತಿದ್ದೆ. ಚಿಕ್ಕಮ್ಮ ದೊಡ್ಡಮ್ಮನನ್ನು ನೋಡಲೂ ಇಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಚಾವಡಿಯ ಪಕ್ಕದ ದೈವದ ಕೋಣೆಯ ಕಡೆಗೆ ತಿರುಗಿ, ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಈ ಹುಂಜ ಮನೆಯ ದೈವಕ್ಕೆ. ಇದು ನನ್ನ ಹರಕೆ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ದೈವಕ್ಕೆಂದು ಬಾಯಿಬಿಟ್ಟು ಹೇಳಿದ ಹುಂಜವನ್ನು ಮತ್ತೆ ಯಾರೂ ಅಂಕಕ್ಕೆ ಒಯ್ಯುವುದಿಲ್ಲ, ಮಾರುವುದಿಲ್ಲ, ಕಲ್ಲು ಬೀಸಿ ಓಡಿಸುವುದೂ ಇಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ಎಲೆ ಹಾಕಿ ಬಡಿಸುವ ಅಗೆಲಿನ ದಿನ ಅದನ್ನು ಒಪ್ಪಿಸಿ, ಕೊಯ್ದು ಬಡಿಸಬೇಕು, ಆಮೇಲೆ ಮನೆಯವರೂ ಅದನ್ನೇ ಉಣ್ಣಬೇಕು. ಒಪ್ಪಿಸುವಾಗ ಯಜಮಾನ ದೈವದ ಎದುರು ನಿಂತು, ಇದು ಯಾರ ಹರಕೆ, ಎಲ್ಲಿಯ ಹುಂಜ, ಏನು ಬೇಡಿ ಹೇಳಿಕೊಂಡದ್ದು ಎಂದು ಕುಟುಂಬದವರ ಎದುರು ತನ್ನ ಬಾಯಿಂದ ಹೇಳಬೇಕು. ಹೇಳದೆ ಒಪ್ಪಿಸಿದರೆ ಅದು ಸಂದಂತೆ ಅಲ್ಲ.

ಮಾವ ಬಗ್ಗಿ ಹಗ್ಗ ಬಿಚ್ಚಿದರು. ಅವರ ಕಿವಿಗಳು ಕೆಂಪಾಗಿದ್ದವು.

"ಎಂತಕ್ಕೆ ಹರಕೆ?"

"ಅದನ್ನು ಆ ದಿನ ನೀವೇ ಹೇಳ್ಬೇಕಲ್ಲ ಅಣ್ಣ. ಹಿಂದಿನ ದಿನ ಹೇಳ್ತೇನೆ."

ಅಗೆಲು ಕೊಯ್ಲು ಮುಗಿದ ಮೇಲೆ. ನಡುವೆ ಒಂದೂವರೆ ತಿಂಗಳು. ಅಷ್ಟೂ ದಿನ ಹುಂಜದ್ದೇ ರಾಜ್ಯ. ಒಣಹಾಕಿದ ಭತ್ತದ ನಡುವೆ ನಿಂತು ತಿನ್ನುತ್ತಿತ್ತು, ಯಾರೂ ಹುಷ್ ಎನ್ನುವಂತಿಲ್ಲ. ಮಾವ ಕೂರುವ ಕುರ್ಚಿಯ ಬೆನ್ನಿನ ಮೇಲೆ ಹಾರಿ ಕೂತು ಕೂಗುತ್ತ ಅವರ ಹೆಗಲಿಗೆ ಹಿಕ್ಕೆ ಹಾಕುತ್ತಿತ್ತು. ಅವರು ಎದ್ದು ಹೋಗಿ ಅಂಗಿ ಬದಲಾಯಿಸಿ ಬರುತ್ತಿದ್ದರು. ದೊಡ್ಡಮ್ಮ ಒಮ್ಮೆ ಚಿಕ್ಕಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಅಣ್ಣನಿಗೆ ನಾಚಿಕೆ ಮಾಡುದು ಎಂತಕ್ಕೆ? ನಾನೇ ಹೇಳ್ತೇನೆ, ನಿನ್ನ ಸೌದೆ ಕೊಟ್ಟಿಗೆಯಲ್ಲಿ ನೀನು ಎಷ್ಟು ಬೇಕಾದ್ರೂ ಕೂರಿಸು. ಹರಕೆಯಲ್ಲಿ ಬೇರೆ ಎಂತಾದ್ರೂ ಬೇಡಿಕೋ."

"ಸೌದೆ ಕೊಟ್ಟಿಗೆ ನನಗೆ ಮೊದಲೇ ಉಂಟು ಅಕ್ಕ."

ದೈವವನ್ನು ಹೀಗೆ ಮನೆಯ ಜಗಳಕ್ಕೆ ಎಳೆಯಬಹುದೇ ಎಂದು ಆಮೇಲೆ ಕೆಲವರು ನನ್ನನ್ನು ಕೇಳಿದ್ದಾರೆ. ಓದಿದವಳು ನೀನಾದರೂ ಹೇಳಬಾರದಿತ್ತೇ ಎಂದಿದ್ದಾರೆ. ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಬಾವಿಕಟ್ಟೆಗೆ ಅವಳನ್ನು ಕಳಿಸುವಾಗ ಯಾವ ದೈವದ ಅಪ್ಪಣೆ ಕೇಳಿದ್ದರು ಇವರು? ಅವಳ ಕೈಯಲ್ಲಿದ್ದದ್ದು ಒಂದು ಹುಂಜ, ಒಂದು ಹರಕೆ. ಎರಡೂ ಅವಳದ್ದೇ. ಸಾಬೂನು, ಗಡಿಯಾರ, ತರ್ಕ ಎಲ್ಲ ಹಿಡಿದುಕೊಂಡು ನಾನು ಸೋತ ಜಾಗದಲ್ಲಿ ಅವಳು ಸೋಲುವ ಮನಸ್ಸು ಮಾಡಲಿಲ್ಲ.

ಅಗೆಲಿನ ಹಿಂದಿನ ದಿನ ಅವಳು ಮಾವನಿಗೆ ತನ್ನ ಹರಕೆಯ ಮಾತನ್ನು ಹೇಳಿದಳು. ಜಗಲಿಯಲ್ಲಿ ಅವರಿಬ್ಬರೇ ಇದ್ದರು.

ಮರುದಿನ ಸಂಜೆ, ಇನ್ನೂ ಬೆಳಕಿರುವಾಗಲೇ ಕುಟುಂಬದವರೆಲ್ಲ ಸೇರಿದರು. ಮೂಡುಬಿದಿರೆಯವರೂ ಬಂದಿದ್ದರು. ದೈವದ ಕೋಣೆಯ ಬಾಗಿಲು ತೆರೆದು ದೀಪ ಹಚ್ಚಿದ್ದರು. ಚಿಕ್ಕಮ್ಮ ಹುಂಜವನ್ನು ತಾನೇ ಎತ್ತಿ ತಂದಳು. ಅದು ಅವಳ ಕಂಕುಳಲ್ಲಿ ಅಲುಗದೆ ಕುಳಿತಿತ್ತು. ಮರಿಯಾಗಿದ್ದಾಗಿನಿಂದ ಅಲ್ಲಿ ಕುಳಿತು ಅಭ್ಯಾಸ. ಅವಳು ಅದರ ಕುತ್ತಿಗೆಯ ಗರಿಗಳನ್ನು ಎರಡು ಸಲ ಸವರಿ ಮಾವನ ಕೈಗೆ ಕೊಟ್ಟಳು.

ಮಾವ ಗಂಟಲು ಸರಿಮಾಡಿಕೊಂಡರು. ಅವರ ಪ್ರಾರ್ಥನೆ ಊರಿಗೆ ಹೆಸರಾದದ್ದು. ತುಂಬಿದ ದನಿಯಲ್ಲಿ ಶುರುಮಾಡಿ, ಹಿರಿಯರನ್ನು ನೆನೆದು, ಬೆಳೆ, ದನಕರು, ಮಕ್ಕಳು ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ಇದು ಈ ಮನೆಯ ಮಗಳೊಬ್ಬಳ ಹರಕೆಯ ಹುಂಜ. ಸ್ವೀಕಾರ ಮಾಡಬೇಕು" ಎಂದರು.

"ಸಾಲದು ಅಣ್ಣ," ಎಂದಳು ಚಿಕ್ಕಮ್ಮ.

ಯಾರೋ ಕೆಮ್ಮಿದರು. ದೊಡ್ಡಮ್ಮ ಅವಳ ಸೀರೆಯನ್ನು ಹಿಂದಿನಿಂದ ಜಗ್ಗಿದಳು. ಚಿಕ್ಕಮ್ಮ ಸೆರಗು ಬಿಡಿಸಿಕೊಂಡಳು.

"ಎಲ್ಲಿಯ ಹುಂಜ, ಎಂತ ಬೇಡಿದ್ದು, ಎರಡೂ ಬಿಟ್ಟುಹೋಯ್ತು. ಅರ್ಧ ಹೇಳಿದ್ರೆ ಸಲ್ಲುದಿಲ್ಲ. ನೀವೇ ಹೇಳಿಕೊಟ್ಟದ್ದು ನನಗೆ."

ಮಾವ ದೀಪವನ್ನು ನೋಡಿದರು. ಹುಂಜ ಅವರ ಕೈಯಲ್ಲಿ ಒಮ್ಮೆ ರೆಕ್ಕೆ ಬಡಿಯಿತು. ಅವರು ಬೇರೆ ಏನೇ ಇರಲಿ, ದೈವಕ್ಕೆ ಹೆದರುವ ಮನುಷ್ಯ. ಹರಕೆಯನ್ನು ಅರ್ಧಕ್ಕೆ ನಿಲ್ಲಿಸಿ ಆ ರಾತ್ರಿ ನಿದ್ದೆ ಮಾಡಲಾರರು.

"ತನ್ನ ಕೈಯಿಂದ ಕಾವಿಗೆ ಕೂರಿಸಿದ ಮೊಟ್ಟೆಯಿಂದ ಆದ ಹುಂಜ," ಎಂದರು ನಿಧಾನವಾಗಿ. "ಆ ಕೈಯನ್ನು ಈ ಮನೆಯಲ್ಲಿ ಇನ್ನು ಯಾರೂ ತಡೆಯಬಾರದು. ಮನೆಯ ಕೋಳಿಗಳನ್ನು ಅವಳೇ ಕೂರಿಸಬೇಕು. ಹಾಗಂತ ಹರಕೆ."

"ಹಿಂದೆ ನಿಂತವರಿಗೆ ಕೇಳ್ಲಿಲ್ಲ," ಎಂದಳು ಚಿಕ್ಕಮ್ಮ.

ಅವರು ಇನ್ನೊಮ್ಮೆ ಹೇಳಿದರು. ಈ ಸಲ ತುಂಬಿದ ದನಿಯಲ್ಲೇ ಹೇಳಿದರು. ಹಿಂದೆ ನಿಂತಿದ್ದ ನಾನು ಪ್ರತಿ ಪದವನ್ನೂ ಕೇಳಿದೆ.

ಊಟಕ್ಕೆ ಕುಳಿತಾಗ ಅವಳು ಉಣ್ಣಲಿಕ್ಕಿಲ್ಲ ಎಂದು ನಾನು ಎಣಿಸಿದ್ದೆ. ಕಂಕುಳಲ್ಲಿ ಸಾಕಿದ ಹುಂಜ. ಬಡಿಸುತ್ತಿದ್ದ ನನ್ನ ತಾಯಿಯೂ ಅವಳ ಎಲೆಯ ಹತ್ತಿರ ಬಂದು ಸೌಟು ಹಿಂದಕ್ಕೆ ತೆಗೆದಳು. "ಹಾಕು ಅಕ್ಕ," ಎಂದಳು ಚಿಕ್ಕಮ್ಮ. "ಹರಕೆ ನನ್ನದು. ನಾನು ಉಣ್ಣದೆ ಮತ್ತೆ ಯಾರು ಉಣ್ಣುದು?" ಎರಡು ತುಂಡು ಹಾಕಿಸಿಕೊಂಡು ಉಂಡಳು. ಕಣ್ಣು ಒರೆಸಿಕೊಂಡಳು, ಆದರೆ ಎಲೆ ಖಾಲಿ ಮಾಡಿ ಎದ್ದಳು.

ಒಂದು ವಾರದಲ್ಲಿ ಮನೆಯ ಗೂಡಿನ ಬೂದು ಹೇಂಟೆ ಮತ್ತೆ ಕಾವಿಗೆ ಬಂತು. ದೊಡ್ಡಮ್ಮ ಹದಿಮೂರು ಮೊಟ್ಟೆಗಳಿದ್ದ ಮೊರವನ್ನು ತಂದು ಚಿಕ್ಕಮ್ಮನ ಮುಂದೆ ಇಟ್ಟಳು. ಇಟ್ಟದ್ದಲ್ಲ, ಕುಕ್ಕಿದ್ದು, ಒಡೆಯದಿದ್ದದ್ದೇ ಪುಣ್ಯ.

"ನಾನು ಎಲ್ಲಿಗೂ ಹೋಗುದಿಲ್ಲ. ಇಲ್ಲೇ ನಿಂತು ನೋಡ್ತೇನೆ."

"ನೋಡು," ಎಂದಳು ಚಿಕ್ಕಮ್ಮ. ಮೊರದಿಂದ ಒಂದು ಮೊಟ್ಟೆ ಎತ್ತಿ, ಅಂಗೈ ಮೇಲೆ ಉರುಳಿಸಿ, ಬದಿಗಿಟ್ಟಳು. "ಇದು ಆಗುದಿಲ್ಲ. ಬೇರೆ ತಾ."

ದೊಡ್ಡಮ್ಮ ಗೊಣಗುತ್ತ ಬೇರೆ ತರಲು ಹೋದಳು.